ಬೂಫರ್ ಆಮೇಲೆ, ಮೊದಲು ಬಾಗಿಲಿನ ತೂತು ಮುಚ್ಚಿ

ಕಾರಲ್ಲಿ ಒಳ್ಳೆ ಸ್ಪೀಕರ್ ಇದೆ. ಆದರೂ ತಬಲಾ ಹಾಕಿದರೆ ಬರೀ ಟಕ್ ಟಕ್ ಕೇಳುತ್ತದೆ, ಎಡಗೈಯ ಡಗ್ಗಾದ ಗುಮಕಿ ಎಲ್ಲೋ ಹೋಗಿಬಿಟ್ಟಿರುತ್ತದೆ. ಹಂಗಿದ್ದರೆ ಸ್ಪೀಕರನ್ನು ಬೈಯಬೇಡಿ, ಬಾಗಿಲು ಬಿಚ್ಚಿ ನೋಡಿ.

ನನ್ನದು ಸೆಕೆಂಡ್ ಹ್ಯಾಂಡಲ್ಲಿ ಕೊಂಡ ಸಣ್ಣ ಕಾರು. ಮೊದಲಿನ ಮಾಲೀಕರು ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ದುಬಾರಿ ಸ್ಪೀಕರ್ ಹಾಕಿಸಿದ್ದರು. ನಾನು ಕೇಳೋದು ತತ್ವಪದ, ಭಜನೆ, ಖವ್ವಾಲಿ. ಖವ್ವಾಲಿಯಲ್ಲಿ ಢೋಲಕ್‌ನ ದಪ್ಪ ಮಗ್ಗುಲು ಎದೆಗೆ ತಟ್ಟದೇ ಹೋದರೆ ಉಳಿಯೋದೇನು, ಚಪ್ಪಾಳೆ ಒಂದೇ ಅಲ್ವಾ? ಆ ತಟ್ಟುವ ಭಾಗವೇ ಮಿಡ್‌ಬೇಸ್, ಹೆಚ್ಚುಕಡಿಮೆ 80ರಿಂದ 250 ಹರ್ಟ್ಜ್. ಅದಕ್ಕಿಂತ ಕೆಳಗೆ ಸೀಟು ನಡುಗಿಸುವ ದನಿ ಬೇರೆ, ಅದು ಬೂಫರಿನ ಕೆಲಸ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಸರ್ರ, ಡೋರಿಗೆಲ್ಲಾ ಯಾಕ್ ರೊಕ್ಕ ಹಾಕ್ತೀರಿ? ಹಿಂದ ಒಂದು 12 ಇಂಚಿಂದು ಬೂಫರ್ ಇಟ್ಟುಬಿಡ್ರಿ, ಗಾಡಿ ಅದರ್ತದ ನೋಡ್ರಿ" ಅಂದರು. ಅದರುತ್ತದೆ, ನಿಜ. ಆದರೆ ಢೋಲಕ್ ಡಿಕ್ಕಿಯಲ್ಲಿ, ಹಾಡುವವರು ಮುಂದೆ! ನನಗೆ ಅದು ಬೇಡವಾಗಿತ್ತು.

ಬಾಗಿಲಿಗೂ ಬೇಸಿಗೂ ಏನು ಸಂಬಂಧ ಅನ್ನುವವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಳೇ ಸ್ಪೀಕರ್ ಒಂದನ್ನು ಕೈಯಲ್ಲಿ ಹಿಡಿದು, ದನಿ ಕಡಿಮೆ ಇಟ್ಟು ಹಾಡು ಹಾಕಿ. ಚಿರಚಿರ ಅನ್ನುತ್ತದೆ ಅಷ್ಟೇ. ಈಗ ಒಂದು ರಟ್ಟಿನ ಡಬ್ಬಕ್ಕೆ ಅದರ ಅಳತೆಯ ತೂತು ಕೊರೆದು, ಅದರ ಮೇಲೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ಗುಮ್ ಅಂತ ಬೇಸ್ ಎದ್ದು ಬರುತ್ತದೆ. ಸ್ಪೀಕರ್ ಅದೇ, ಹಾಡೂ ಅದೇ. ಸ್ಪೀಕರಿನ ಕೋನು, ಅಂದ್ರೆ ಅದರುವ ಭಾಗ, ಮುಂದೆ ಬಂದಾಗ ಮುಂದಿನ ಗಾಳಿಯನ್ನು ತಳ್ಳುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಎರಡೂ ಒಂದಕ್ಕೊಂದು ಉಲ್ಟಾ. ಅಂಚು ಬಳಸಿಕೊಂಡು ಎರಡೂ ಕೂಡಿದರೆ ಒಂದನ್ನೊಂದು ತಿಂದುಹಾಕುತ್ತವೆ. 100 ಹರ್ಟ್ಜಿನ ಅಲೆ ಸುಮಾರು 3.4 ಮೀಟರ್ ಉದ್ದ ಇರುತ್ತದೆ, ಅದಕ್ಕೆ ಒಂದು ಗೇಣು ಸುತ್ತಿಬರೋದು ಲೆಕ್ಕಕ್ಕೇ ಇಲ್ಲ. ಮೇಲಿನ ಸ್ವರಗಳ ಅಲೆ ಸಣ್ಣದು, ಅವು ಬಚಾವಾಗುತ್ತವೆ. ಅದಕ್ಕೇ ಸ್ಪೀಕರ್ ಬದಲಾಯಿಸಿದಾಗ ಮಂಜೀರ ಚೆನ್ನಾಗಿ ಕೇಳುತ್ತದೆ, ಡಗ್ಗಾ ಮಾತ್ರ ಅಲ್ಲೇ ಇರುತ್ತದೆ.

ಈಗ ಬಾಗಿಲಿಗೆ ಬನ್ನಿ. ಹಿಡಿಕೆಯ ಒಳಗೆ, ಬಾಗಿಲು ತೆಗೆಯುವ ಲಿವರಿನ ಹಿಂದೆ ಸ್ಕ್ರೂ ಇರುತ್ತವೆ. ಅವನ್ನು ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೀಟುತ್ತಾ ಬಂದರೆ ಕ್ಲಿಪ್ಪುಗಳು ಟಪ್ ಟಪ್ ಅಂತ ಬಿಡುತ್ತವೆ. ಕೆಲವು ಮುರಿದೇ ಮುರಿಯುತ್ತವೆ, ಮೊದಲೇ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಗ್ಲಾಸ್ ಸ್ವಿಚ್ಚಿನ ವೈರ್ ಬಿಡಿಸಿ ಪ್ಯಾನೆಲ್ ಎತ್ತಿದರೆ, ಹಿಂದೆ ತೆಳು ಪ್ಲಾಸ್ಟಿಕ್ ಹಾಳೆ, ಸುತ್ತಲೂ ಕರಿ ಅಂಟು. ಆ ಹಾಳೆ ನೀರು, ಧೂಳು ತಡೆಯೋಕೆ ಮಾತ್ರ, ದನಿ ತಡೆಯೋಕೆ ಅಲ್ಲ. ಅದನ್ನು ತೆಗೆದರೆ ತಗಡಿನಲ್ಲಿ ತಲೆ ತೂರುವಷ್ಟು ದೊಡ್ಡ ತೂತುಗಳು. ಸ್ಪೀಕರಿನ ಹಿಂದಿನ ಗಾಳಿ ಅಲ್ಲಿಂದ ನೇರ ಒಳಗೆ ಬರುತ್ತದೆ.

ನಮ್ಮ ಕಲಬುರಗಿಯಲ್ಲಿ ಈ ಕೆಲಸ ಬೆಳಿಗ್ಗೆ ಎದ್ದ ತಕ್ಷಣ ಶುರು ಮಾಡಬೇಕು. ಬಿಸಿಲೇರಿದ ಮೇಲೆ ಆ ಕರಿ ಅಂಟು ನೂಲು ನೂಲಾಗಿ ಕೈಗೆ, ಅಂಗಿಗೆ, ಸೀಟಿಗೆ ಹತ್ತುತ್ತದೆ. ತಂಪಿನಲ್ಲಿ ಸುರುಳಿಯಾಗಿ ಎದ್ದು ಬರುತ್ತದೆ. ಅದರದ್ದೇ ಒಂದು ಉಂಡೆ ಮಾಡಿ ಉಳಿದದ್ದರ ಮೇಲೆ ಒತ್ತಿ ಒತ್ತಿ ಎತ್ತಿದರೆ ತಗಡು ಸ್ವಚ್ಛ ಆಗುತ್ತದೆ. ಥಿನ್ನರ್ ಹಚ್ಚಬೇಡಿ, ಬಣ್ಣ ಹೋಗುತ್ತದೆ.

ಒಳಗಿನ ಧೂಳಿನ ಬಗ್ಗೆ ಹೇಳಲೇಬೇಕು. ಶಹಾಬಾದ್, ಸೇಡಂ ಕಡೆ ಓಡಾಡುವ ಗಾಡಿ ಅಂದಮೇಲೆ ಕೇಳಬೇಕೇ, ಕಲ್ಲಿನ ಪುಡಿ, ಸಿಮೆಂಟ್ ಲಾರಿಗಳ ಧೂಳು, ಎರೆಮಣ್ಣು ಎಲ್ಲಾ ಸೇರಿ ಹೊರ ತಗಡಿನ ಒಳಮೈಗೆ ಬೂದು ಪದರ ಕಟ್ಟಿತ್ತು. ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಬಿಳಿ ಬಟ್ಟೆ ಬಿಳಿಯಾಗೇ ಹೊರಗೆ ಬರೋವರೆಗೂ ಒರೆಸಿದೆ. ಧೂಳಿನ ಮೇಲೆ ಅಂಟಿಸಿದ ಶೀಟು ಎಷ್ಟು ದುಬಾರಿ ಇದ್ದರೂ ಒಂದು ಬೇಸಿಗೆಗೆ ಕಳಚಿ ಬೀಳುತ್ತದೆ.

ಶೀಟು ಅಂದ್ರೆ ತಗಡು ನಡುಗದಂತೆ ಅಂಟಿಸುವ ಬ್ಯೂಟೈಲ್ ಶೀಟು, ಅಂಟು ರಬ್ಬರಿನದು, ಮೇಲೆ ಅಲ್ಯೂಮಿನಿಯಂ ಹಾಳೆ ಇರೋದು, 2 ಮಿಲಿಮೀಟರ್ ದಪ್ಪ. ಅಗ್ಗಕ್ಕೆ ಡಾಂಬರಿನ ಶೀಟೂ ಸಿಗುತ್ತದೆ. ಮೇ ತಿಂಗಳಲ್ಲಿ 43-44 ಡಿಗ್ರಿ ಮುಟ್ಟುವ ಊರಲ್ಲಿ, ಬಿಸಿಲಿಗೆ ನಿಂತ ಕಾರಿನ ತಗಡು ಇನ್ನೂ ಕಾಯುತ್ತದೆ, ಡಾಂಬರು ಮೆತ್ತಗಾಗಿ ಜಾರುತ್ತದೆ, ಗಾಡಿ ತುಂಬ ವಾಸನೆ. ಸುಮ್ನೆ ಬೇಡ. ಇನ್ನೊಂದು ಮಾತು: ಬಾಗಿಲು ತುಂಬ ಶೀಟು ಹೊದಿಸುವ ಅಗತ್ಯ ಇಲ್ಲ. ಹೊರ ತಗಡನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಎಲ್ಲಿ ಟಣ್ ಅನ್ನುತ್ತದೋ ಅಲ್ಲಿ ಅಂಟಿಸಿ ರೋಲರ್ ಒತ್ತಿ, ಥಪ್ ಅಂದರೆ ಮುಗೀತು. ಸ್ಪೀಕರಿನ ನೇರ ಹಿಂದೆ ಒಂದು ದೊಡ್ಡ ತುಂಡು, ಉಳಿದ ಕಡೆ ಅಲ್ಲಲ್ಲಿ. ನನ್ನ ಪ್ರಕಾರ ತಗಡಿನ ಮೂರರಲ್ಲೊಂದು ಭಾಗ ಸಾಕು. ಹೆಚ್ಚಿಗೆ ಹಾಕಿದರೆ ಬಾಗಿಲಿನ ತೂಕ ಹೆಚ್ಚುತ್ತದೆ, ಕೀಲುಗಳಿಗೆ ಭಾರ.

ಅಸಲಿ ಕೆಲಸ ತೂತು ಮುಚ್ಚೋದರಲ್ಲಿದೆ. ತೂತಿನ ಮೇಲೆ ಬರೀ ಬ್ಯೂಟೈಲ್ ಶೀಟು ಅಂಟಿಸಿದರೆ ಅದು ಬೇಸ್ ದನಿಗೆ ತಕ್ಕಂತೆ ಒಳಗೆ ಹೊರಗೆ ಉಸಿರಾಡುತ್ತದೆ. ಗಟ್ಟಿ ಹಲಗೆ ಬೇಕು. ನೇಮ್ ಬೋರ್ಡ್ ಮಾಡುವವರ ಹತ್ತಿರ ಎಸಿಪಿ ಶೀಟಿನ (ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್) ತುಂಡುಗಳು ಬಿದ್ದಿರುತ್ತವೆ. 3 ಮಿಲಿಮೀಟರ್ ದಪ್ಪ, ಹಗುರ, ಮಳೆಗೆ ಉಬ್ಬಲ್ಲ, ಕಟರಿನಿಂದ ಗೀರಿ ಮುರಿದರೆ ಆಯ್ತು. ಮೊದಲು ರಟ್ಟಿನಲ್ಲಿ ತೂತಿನ ಆಕಾರ ಕತ್ತರಿಸಿಕೊಂಡೆ, ಸುತ್ತ ಎರಡು ಬೆರಳು ಹೆಚ್ಚಿಗೆ ಬಿಟ್ಟು. ಅದನ್ನು ಎಸಿಪಿ ಮೇಲೆ ಇಟ್ಟು ಗೆರೆ ಎಳೆದು ಕತ್ತರಿಸಿದೆ. ಅಂಚಿಗೆ ಬ್ಯೂಟೈಲ್ ಪಟ್ಟಿ, ಮೂಲೆಗಳಿಗೆ ಸ್ಕ್ರೂ. ಸಿಲಿಕಾನ್ ಹಾಕಿ ಖಾಯಂ ಮಾಡಲಿಲ್ಲ, ಯಾಕಂದ್ರೆ ನಾಳೆ ಗ್ಲಾಸಿನ ಮೋಟರ್ ಕೆಟ್ಟರೆ ಮಿಸ್ತ್ರಿ ನನ್ನನ್ನೇ ಬೈಯುತ್ತಾನೆ. ಲಾಕಿನ ಕೇಬಲ್ ಹಾದುಹೋಗುವ ಜಾಗದಲ್ಲಿ ಹಲಗೆಗೆ ಸಣ್ಣ ಕಚ್ಚು ಮಾಡಿ ಅಂಟಿನಿಂದ ತುಂಬಿದೆ, ಕೇಬಲ್ಲಿಗೆ ಫೋಮ್ ಸುತ್ತಿದೆ. ಹಲಗೆ ಬಿಗಿಯುವ ಮೊದಲು ಗ್ಲಾಸನ್ನು ಪೂರ್ತಿ ಇಳಿಸಿ, ಏರಿಸಿ ನೋಡಿ, ಎಲ್ಲೂ ತಾಗಬಾರದು.

ಸ್ಪೀಕರ್ ಕೂರುವ ರಿಂಗ್ ಹೆಚ್ಚಿನವರು ಎಂಡಿಎಫ್‌ನಲ್ಲಿ, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆಯಲ್ಲಿ, ಮಾಡಿಸುತ್ತಾರೆ. ಮಳೆಗಾಲದಲ್ಲಿ ಬಾಗಿಲ ಒಳಗೆ ನೀರು ಇಳಿದೇ ಇಳಿಯುತ್ತದೆ, ಎಂಡಿಎಫ್ ರೊಟ್ಟಿಯಂತೆ ಉಬ್ಬುತ್ತದೆ. ಪಾತ್ರೆ ಅಂಗಡಿಯಲ್ಲಿ ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆ ಸಿಗುತ್ತದಲ್ಲ, ಅದನ್ನು ಜಿಗ್‌ಸಾದಿಂದ ಕೊಯ್ಸಿದೆ. ಅದಕ್ಕೆ ಯಾವ ಗೋಂದೂ ಹಿಡಿಯಲ್ಲ, ಬೋಲ್ಟ್ ಹಾಕಿಯೇ ಬಿಗಿಯಬೇಕು. ರಿಂಗಿಗೂ ತಗಡಿಗೂ ನಡುವೆ, ರಿಂಗಿಗೂ ಸ್ಪೀಕರಿಗೂ ನಡುವೆ ಫೋಮ್ ಟೇಪ್. ಸ್ಪೀಕರಿನ ಮುಂದೆ ಸುತ್ತಲೂ ದಪ್ಪ ಫೋಮ್ ಬಳೆ, ಪ್ಯಾನೆಲ್ ಹಾಕಿದಾಗ ಅದು ಜಾಲರಿಗೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಅರ್ಧ ದನಿ ಪ್ಯಾನೆಲಿನ ಹಿಂದೆಯೇ ಸುತ್ತಾಡುತ್ತದೆ.

ವೈರ್ ಉಲ್ಟಾ ಆಗಿದೆಯೇ ನೋಡೋಕೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಸ್ಪೀಕರಿನ ವೈರ್ ಸ್ಟೀರಿಯೋದಿಂದ ಬಿಡಿಸಿ, ಪ್ಲಸ್ಸಿಗೆ ಪ್ಲಸ್ ಒಂದು ಕ್ಷಣ ಮುಟ್ಟಿಸಿದರೆ ಕೋನು ಹೊರಗೆ ಜಿಗಿಯಬೇಕು. ಎರಡೂ ಬಾಗಿಲಲ್ಲಿ ಹಾಗೇ ಆಗಬೇಕು. ಒಂದು ಹೊರಗೆ, ಒಂದು ಒಳಗೆ ಅಂದ್ರೆ ಎಡಬಲ ಬೇಸ್ ಜಗಳಾಡಿಕೊಂಡು ಎರಡೂ ಸಾಯುತ್ತವೆ.

ಪ್ಯಾನೆಲ್ ಕೂರಿಸಿದ ಮೇಲೆ ಫೋನಿನ ಟೋನ್ ಆ್ಯಪಲ್ಲಿ 50ರಿಂದ 200 ಹರ್ಟ್ಜ್ ತನಕ ನಿಧಾನವಾಗಿ ಏರಿಸಿದೆ. ಅಳಿಯ ಬಾಗಿಲ ಮೇಲೆ ಕೈ ಆಡಿಸುತ್ತಾ ಕೂತ. 110ರ ಹತ್ತಿರ ಜರ್ ಅಂತು. "ಮಾಮಾ, ಸ್ವಿಚ್ಚಿನ ತಟ್ಟಿ ಇದು, ಒತ್ತಿದ್ರ ನಿಲ್ತದ" ಅಂದ. ಅದರ ಕೆಳಗೆ ಫೆಲ್ಟ್ ಪಟ್ಟಿ ಸೇರಿಸಿದೆ, ನಿಂತಿತು. ಬೇಸ್ ಬಲವಾದಷ್ಟೂ ಇಂಥ ಜರಜರ ಹೊರಬೀಳುತ್ತವೆ, ತಾಳ್ಮೆ ಬೇಕು.

ಸ್ಟೀರಿಯೋ ಡಬ್ಬದ ಮೇಲೆ 50 ವಾಟ್ ಅಂತ ಬರೆದಿದ್ದರೂ ನಿಜಕ್ಕೂ ಸಿಗೋದು ಒಂದು ಸ್ಪೀಕರಿಗೆ 20 ವಾಟ್ ಆಸುಪಾಸು. ಅದಕ್ಕೇ ಸಣ್ಣ ಆಂಪ್ಲಿಫೈಯರ್ ಹಾಕಿದೆ, ಅದೂ ಬಾಗಿಲು ಮುಗಿದ ಮೇಲೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು, ಇದರಲ್ಲಿ ರಾಜಿ ಇಲ್ಲ. ಕೆಳಗಿನ ದನಿ ತಡೆಯುವ ಹೈಪಾಸ್ ಫಿಲ್ಟರನ್ನು 70 ಹರ್ಟ್ಜಿಗೆ ಇಟ್ಟಿದ್ದೇನೆ. ಕೆಳಗಿನ ಭಾರ ತೆಗೆದರೆ ಕೋನು ಒದ್ದಾಡೋದು ನಿಲ್ಲುತ್ತದೆ, ಮೇಲಿನ ಗುಮ್ಮು ಗಟ್ಟಿಯಾಗುತ್ತದೆ. ಬೇಸ್ ಬೂಸ್ಟ್ ಬಂದ್. ನನ್ನ ಪಕ್ಕದ ಬಲ ಬಾಗಿಲು ಎಡಕ್ಕಿಂತ 45 ಸೆಂಟಿಮೀಟರ್ ಹತ್ತಿರ, ಅದಕ್ಕೆ ಎರಡೂ ದನಿ ಒಟ್ಟಿಗೆ ಕಿವಿ ಮುಟ್ಟಲಿ ಅಂತ ಬಲ ಸ್ಪೀಕರಿಗೆ 1.3 ಮಿಲಿಸೆಕೆಂಡ್ ತಡ ಕೊಟ್ಟೆ. ಈಗ ಢೋಲಕ್ ಮೊಣಕಾಲ ಹತ್ತಿರ ಅಲ್ಲ, ಡ್ಯಾಶ್‌ಬೋರ್ಡ್ ಮೇಲೆ ಕೂತ ಹಾಗಿದೆ.

ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗುವ ಸಣ್ಣ ಸೀಳುಗಳಿರುತ್ತವೆ, ಅವನ್ನು ಮಾತ್ರ ಮುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಗ್ಲಾಸಿನ ಮೇಲೆ ಒಂದು ತಂಬಿಗೆ ನೀರು ಸುರಿದು, ಕೆಳಗಿನಿಂದ ಬರುತ್ತದಾ ನೋಡಿ. ಹಿಂದಿನ ಬಾಗಿಲುಗಳಿಗೆ ನಾನು ಏನೂ ಮಾಡಿಲ್ಲ. ದನಿಯನ್ನು ಹಿಂದೆ ಮುಂದೆ ಹಂಚುವ ಫೇಡರ್ ಮುಂದಕ್ಕೆ ತಿರುಗಿಸಿಟ್ಟಿದ್ದೇನೆ, ಹಿಂದೆ ಕೂತವರಿಗೆ ಮಾತಾಡೋಕೆ ಅಡ್ಡಿ ಇಲ್ಲ.