ಇನ್‌ಸ್ಟಂಟ್ ಗೀಸರ್: ಜಾಸ್ತಿ ದುಡ್ಡು ಯಾತಕ್ಕೆ ಕೊಡಬೇಕು?

ಚಿತ್ರದುರ್ಗದಲ್ಲಿ ಗೀಸರ್ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ನಮ್ಮ ಮನೆಗೇ ಇನ್‌ಸ್ಟಂಟ್ ಗೀಸರ್, ಅಂದರೆ ನಲ್ಲಿ ಬಿಟ್ಟಾಗಲೇ ನೀರು ಕಾಯಿಸಿ ಕೊಡುವ ಪುಟ್ಟ ಗೀಸರ್, ತರುವಾಗ ನಾನು ಬೆಲೆಗಿಂತ ಮೊದಲು ಯೋಚಿಸಿದ್ದು ನಮ್ಮ ಬೋರ್ ನೀರಿನ ಬಗ್ಗೆ.

"ಬೇಗ ಕಾಯೋದು ಯಾವುದಣ್ಣ?" ಎಲ್ಲರೂ ಕೇಳುವುದು ಇದನ್ನೇ. 3 ಲೀಟರಿನ ಗೀಸರ್ ಸಾಮಾನ್ಯವಾಗಿ 3 ಕಿಲೋವ್ಯಾಟಿನದು. ಅಗ್ಗದ್ದೂ ಅಷ್ಟೇ, ದುಬಾರಿಯದೂ ಅಷ್ಟೇ. ತಣ್ಣೀರಿಗಿಂತ 20 ಡಿಗ್ರಿ ಬಿಸಿ ಬೇಕೆಂದರೆ ನಿಮಿಷಕ್ಕೆ ಸುಮಾರು 2 ಲೀಟರ್ ಬರುತ್ತದೆ. 16 ಲೀಟರಿನ ಬಕೆಟ್ ತುಂಬಲು 8 ನಿಮಿಷ ಬೇಕು. ದುಡ್ಡು ಜಾಸ್ತಿ ಕೊಟ್ಟರೆ ಈ ಲೆಕ್ಕ ಬದಲಾಗುತ್ತದೆಯೇ? ಇಲ್ಲ. ಶವರ್ ಜೋರಾಗಿ ಸುರಿಯಬೇಕು ಅನ್ನುವವರಿಗೆ ನಾನು ನೀರನ್ನು ಮೊದಲೇ ಕಾಯಿಸಿಟ್ಟುಕೊಳ್ಳುವ 15 ಲೀಟರಿನ ಸ್ಟೋರೇಜ್ ಗೀಸರೇ ತಗೊಳ್ಳಿ ಅನ್ನುತ್ತೇನೆ.

ವ್ಯತ್ಯಾಸ ಇರುವುದು ಒಳಗೆ. ನಮ್ಮ ಬೋರ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಗೀಸರೊಳಗೆ ನೀರು ಕಾಯಿಸುವ ಕಾಯಿಲ್ ಮೇಲೂ ಅದೇ ಕೂರುತ್ತದೆ. ಆಮೇಲೆ ಕಾಯಿಲ್‌ನ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಕಾಯಿಲ್ ತಾನೇ ಅತಿಯಾಗಿ ಕಾದು ಒಡೆಯುತ್ತದೆ. ಒಡೆದ ಕಾಯಿಲ್‌ನಿಂದ ಕರೆಂಟ್ ನೀರಿಗೆ ಇಳಿಯಬಹುದು. ಅದಕ್ಕೇ ಬಚ್ಚಲುಮನೆಗೆ ಇನ್‌ಕೊಲಾಯ್ (ಶಾಖ, ತುಕ್ಕು ತಡೆಯುವ ಮಿಶ್ರಲೋಹ) ಕಾಯಿಲ್, ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್, ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಜೊತೆಗೆ ಅತಿಯಾಗಿ ಕಾದರೆ ಕರೆಂಟ್ ನಿಲ್ಲಿಸುವ ಬೇರೆಯದೇ ಕಟ್‌ಔಟ್ ಇರುವ ದುಬಾರಿ ಗೀಸರ್ ತಂದೆ. ಅಡುಗೆಮನೆಯ ಸಿಂಕಿಗೆ ಅಗ್ಗದ್ದೇ ಸಾಕಾಯಿತು. ಅಲ್ಲಿ ಪಾತ್ರೆ ತೊಳೆಯುವಷ್ಟು ಹೊತ್ತು ಮಾತ್ರ ಓಡುತ್ತದೆ. ಎರಡರಲ್ಲೂ ಐಎಸ್‌ಐ ಗುರುತು ನೋಡಿಯೇ ತಗೊಂಡೆ. ಡಿಜಿಟಲ್ ಡಿಸ್‌ಪ್ಲೇ, ಬಣ್ಣದ ಲೈಟು ಇವಕ್ಕೆಲ್ಲ ದುಡ್ಡು ಕೊಡುವುದು ಸುಮ್ನೆ.

ಗೀಸರಲ್ಲಿ ಉಳಿಸಿದ ದುಡ್ಡನ್ನ ವೈರಿಂಗ್‌ಗೆ ಹಾಕಿ. 3 ಕಿಲೋವ್ಯಾಟ್ ಅಂದರೆ 13 ಆಂಪಿಯರ್. 16 ಆಂಪಿಯರ್ ಸಾಕೆಟ್, ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ವೈರ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್, ಇಷ್ಟೂ ನಮ್ಮ ಮನೆಯಲ್ಲಿವೆ. ಎಷ್ಟೋ ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಅರ್ಥಿಂಗ್ ಪಿನ್ ಇರುತ್ತದೆ, ಅದಕ್ಕೆ ವೈರೇ ಇರುವುದಿಲ್ಲ!

ಗ್ಯಾಸ್ ಗೀಸರಲ್ಲಿ ನೀರು ಜಾಸ್ತಿ ಬರುತ್ತದೆ, ನಿಜ. ಆದರೆ ಮುಚ್ಚಿದ ಬಚ್ಚಲುಮನೆಯೊಳಗೆ ಅದನ್ನು ನಾನು ಕೂರಿಸುವುದಿಲ್ಲ, ಯಾರು ಎಷ್ಟು ಕೇಳಿದರೂ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಅನಿಲಕ್ಕೆ ವಾಸನೆಯೇ ಇಲ್ಲ.

ಇನ್ನೊಂದು ಮಾತು. ವಾರಂಟಿ ಕೇಳುವಾಗ ಟ್ಯಾಂಕಿಗೆ ಎಷ್ಟು ವರ್ಷ, ಕಾಯಿಲ್‌ಗೆ ಎಷ್ಟು ವರ್ಷ ಅಂತ ಬೇರೆ ಬೇರೆ ಕೇಳಿ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಹೆಚ್ಚಾಗಿ ಟ್ಯಾಂಕಿನದು. ನಮ್ಮ ನೀರಿಗೆ ಮೊದಲು ಹೋಗುವುದು ಕಾಯಿಲ್.