ಎಚ್‌ಐವಿ ಲ್ಯಾಬ್ ಪ್ರಯೋಗದ ಸುದ್ದಿಯನ್ನು ಓದುವುದು ಹೇಗೆ?

ಎಚ್‌ಐವಿಯ ಯಾವುದೋ ತಳಿ ಲ್ಯಾಬಿನಲ್ಲಿ ರೋಗನಿರೋಧಕ ಕೋಶಗಳನ್ನು ಬೇಗ ಸಾಯಿಸಿತು ಅಂತ ಎಲ್ಲೋ ಓದಿದಿರಿ ಅಂದುಕೊಳ್ಳಿ. ತಕ್ಷಣ "ಇದು ಜಾಸ್ತಿ ಅಪಾಯದ ತಳಿ" ಅಂತ ತೀರ್ಮಾನ ಮಾಡಬೇಡಿ. ಎಚ್‌ಐವಿ ಜೊತೆ ಬದುಕುತ್ತಿರುವವರು ಇಂಥ ಅರ್ಧಂಬರ್ಧ ಸುದ್ದಿ ಓದಿ ಸುಮ್ನೆ ಹೆದರುತ್ತಾರೆ, ಅದು ನನಗೆ ತುಂಬಾ ಬೇಸರದ ವಿಷಯ.

ಮೊದಲು ಕೇಳಿ: ಸತ್ತಿದ್ದು ಯಾವ ಕೋಶ?

ವೈರಸ್ ಒಳಗೆ ನುಗ್ಗಲು ಕೋಶದ ಮೇಲೆ ಸಿಡಿ4 ಎಂಬ ಪ್ರೋಟೀನ್ ಒಂದೇ ಇದ್ದರೆ ಸಾಲದು. ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಪ್ರೋಟೀನ್ ಕೂಡ ಬೇಕು. ಇವುಗಳ ಪಾತ್ರ ಗೊತ್ತಾಗಿದ್ದು 1996ರಲ್ಲಿ. ಸಿಸಿಆರ್5 ಬಳಸುವ ತಳಿಗೆ ಆರ್5 ಅಂತಲೂ, ಸಿಎಕ್ಸ್‌ಸಿಆರ್4 ಬಳಸುವುದಕ್ಕೆ ಎಕ್ಸ್4 ಅಂತಲೂ ಕರೆಯುತ್ತಾರೆ. ಎರಡನ್ನೂ ಬಳಸುವ ತಳಿಗಳೂ ಇವೆ. ಈಗ ಎಂಟಿ-2 ಎಂಬ ಕೋಶಗಳನ್ನು ನೋಡಿ, ಹಳೆಯ ಪ್ರಯೋಗಗಳಲ್ಲಿ ಇವುಗಳನ್ನು ತುಂಬಾ ಬಳಸುತ್ತಿದ್ದರು. ಇವುಗಳ ಮೇಲೆ ಸಿಸಿಆರ್5 ಇಲ್ಲ. ಹಾಗಾಗಿ ಆರ್5 ತಳಿ ಹಾಕಿದರೆ ಏನೂ ಆಗುವುದಿಲ್ಲ. ಎಕ್ಸ್4 ಹಾಕಿದರೆ ಕೋಶಗಳು ಒಂದಕ್ಕೊಂದು ಸೇರಿ ಉಬ್ಬುತ್ತವೆ. ಸೋಂಕು ತಗುಲಿದ ಕೋಶದ ಮೇಲಿರುವ ಜಿಪಿ120 ಎಂಬ ವೈರಸ್ ಪ್ರೋಟೀನ್ ಪಕ್ಕದ ಕೋಶದ ಸಿಡಿ4 ಹಿಡಿಯುತ್ತದೆ, ಅದರ ಜೊತೆಗಿರುವ ಜಿಪಿ41 ಎರಡರ ಪೊರೆಯನ್ನೂ ಬೆಸೆಯುತ್ತದೆ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೇ ಚೀಲದೊಳಗೆ ಹತ್ತಾರು ನ್ಯೂಕ್ಲಿಯಸ್ ತುಂಬಿಕೊಂಡಂತೆ ಕಾಣುತ್ತದೆ. ಇದಕ್ಕೆ ಸಿನ್ಸಿಷಿಯಂ ಅನ್ನುತ್ತಾರೆ.

ಹಾಗಾದರೆ ಆರ್5 ಸಾಧು ತಳಿ ಅಂತ ಅನಿಸುತ್ತೆ ಅಲ್ವಾ? ಖಂಡಿತ ಅಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದು ಹೆಚ್ಚಾಗಿ ಆರ್5 ತಳಿಯೇ. ಕರುಳಿನಲ್ಲಿ ಸಿಸಿಆರ್5 ಇರುವ ಸಿಡಿ4 ಕೋಶಗಳು ತುಂಬಾ ಇರುತ್ತವೆ, ಸೋಂಕು ತಗುಲಿದ ಕೆಲವೇ ವಾರಗಳಲ್ಲಿ ಅವು ದೊಡ್ಡ ಪ್ರಮಾಣದಲ್ಲಿ ನಾಶವಾಗುತ್ತವೆ. ಲ್ಯಾಬಿನ ಪ್ಲೇಟಿನಲ್ಲಿ ಅದು ಕಾಣದಿದ್ದರೆ ಕಾರಣ ಆ ಪ್ಲೇಟಿನಲ್ಲಿದ್ದ ಕೋಶ, ತಳಿಯ ಒಳ್ಳೆಯತನ ಅಲ್ಲ.

ಆಮೇಲೆ ಗ್ರಾಫ್‌ಗೆ ಬನ್ನಿ. ವೈರಸ್ ಎಷ್ಟು ಬೆಳೆಯಿತು, ಕೋಶ ಎಷ್ಟು ಸತ್ತವು, ಇವೆರಡೂ ಬೇರೆ ಬೇರೆ ಲೆಕ್ಕ. ಪಿ24 ಎಂಬ ವೈರಸ್ ಪ್ರೋಟೀನ್ ಏರಿದರೆ ವೈರಸ್ ಬೆಳೆದಿದೆ ಅಂತ ಅರ್ಥ, ಅಷ್ಟೇ. ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ವಾರಗಟ್ಟಲೆ ವೈರಸ್ ಉತ್ಪಾದಿಸುತ್ತಲೇ ಬದುಕಿರಬಲ್ಲವು. ಇದಕ್ಕೆ ಪೂರ್ತಿ ಉಲ್ಟಾ ನಡೆಯುವುದೂ ಇದೆ, ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಅದೇ. ಟಾನ್ಸಿಲ್ ಅಂಗಾಂಶದ ಮೇಲೆ ಮಾಡಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಯುತ್ತಿದ್ದ ಸಿಡಿ4 ಕೋಶಗಳಲ್ಲಿ ಶೇ. 95ಕ್ಕೂ ಹೆಚ್ಚು ವೈರಸ್ ಉತ್ಪಾದಿಸುತ್ತಲೇ ಇರಲಿಲ್ಲ. ವೈರಸ್ ಒಳಗೆ ಬಂದು ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ನಕಲು ಮಾಡಲು ಶುರುಮಾಡಿ ಅರ್ಧಕ್ಕೇ ನಿಂತಿರುತ್ತದೆ. ಆ ಅರೆಬರೆ ಡಿಎನ್‌ಎಯನ್ನು ಐಎಫ್‌ಐ16 ಎಂಬ ಪ್ರೋಟೀನ್ ಪತ್ತೆ ಹಚ್ಚುತ್ತದೆ, ಕ್ಯಾಸ್ಪೇಸ್-1 ಎಂಬ ಕಿಣ್ವ ಚುರುಕಾಗುತ್ತದೆ, ಕೋಶ ತಾನೇ ಉರಿಯೂತ ಎಬ್ಬಿಸಿ ಒಡೆದುಹೋಗುತ್ತದೆ. ಇದು ಪೈರೊಪ್ಟೋಸಿಸ್.

ಇಂಥದ್ದನ್ನು ವರದಿಯಲ್ಲಿ ಗುರುತಿಸಲು ಔಷಧಿ ಹಾಕಿದ ಸಾಲುಗಳನ್ನು ನೋಡಿ. ಎಫಾವಿರೆಂಜ್ ಹಾಕಿದಾಗ ಕೋಶ ಉಳಿದು, ರಾಲ್ಟೆಗ್ರಾವಿರ್ ಹಾಕಿದಾಗ ಸತ್ತರೆ, ವೈರಸ್ ಕೋಶದ ಡಿಎನ್‌ಎಗೆ ಸೇರುವ ಮೊದಲೇ ಸಾವು ನಿರ್ಧಾರವಾಗಿದೆ ಎಂದರ್ಥ. ಯಾಕೆಂದರೆ ಮೊದಲನೆಯದು ನಕಲು ಮಾಡುವ ಹಂತವನ್ನೇ ತಡೆಯುತ್ತದೆ, ಎರಡನೆಯದು ಸೇರುವ ಹಂತವನ್ನಷ್ಟೇ.

ಕೋಶಗಳ ಮೂಲವನ್ನೂ ನೋಡಿಬಿಡಿ. ಕ್ಯಾನ್ಸರ್‌ನಿಂದ ಬಂದ ಕೋಶಗಳೋ, ದಾನಿಯ ರಕ್ತದಿಂದ ತೆಗೆದವೋ? ಒಬ್ಬರೇ ದಾನಿ ಆಗಿದ್ದರೆ ಫಲಿತಾಂಶವನ್ನು ಜಾಸ್ತಿ ನಂಬಬೇಡಿ, ಯಾಕೆಂದರೆ ಒಬ್ಬೊಬ್ಬರ ಕೋಶ ಒಂದೊಂದು ಥರ ವರ್ತಿಸುತ್ತದೆ. ಎರಡೂ ತಳಿಗಳನ್ನು ಒಂದೇ ಪ್ರಮಾಣದಲ್ಲಿ ಹಾಕಿದ್ದಾರಾ, ಸೋಂಕಿಲ್ಲದ ಕೋಶಗಳನ್ನೂ ಅದೇ ದಿನ ಎಣಿಸಿದ್ದಾರಾ ಅಂತಲೂ ನೋಡಿ.

ಎಣಿಕೆಯಲ್ಲೇ ಇನ್ನೊಂದು ತೊಡಕಿದೆ. ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿದರೆ ಸತ್ತ ಕೋಶ ನೀಲಿಯಾಗುತ್ತದೆ, ಸರಿ. ಆದರೆ ಆಗಲೇ ಒಡೆದು ಚೂರಾದ ಕೋಶ ಲೆಕ್ಕಕ್ಕೇ ಸಿಗುವುದಿಲ್ಲ. ಸಾವಿರ ಕೋಶಗಳಲ್ಲಿ ಐನೂರು ಕರಗಿಹೋಗಿ, ಉಳಿದವುಗಳಲ್ಲಿ ಐವತ್ತು ಮಾತ್ರ ನೀಲಿಯಾದರೆ "ಶೇ. 90 ಜೀವಂತ" ಅಂತ ಬರುತ್ತದೆ. ಆದ್ದರಿಂದ ಶೇಕಡಾವಾರು ಜೊತೆಗೆ ಉಳಿದ ಕೋಶಗಳ ಒಟ್ಟು ಸಂಖ್ಯೆ ಕೊಟ್ಟಿದ್ದಾರಾ ಅಂತ ಹುಡುಕಿ.