ಮೊದಲು ತಗಡು, ಆಮೇಲೆ ಬ್ರೇಕು, ಕೊನೆಗೆ ಇಂಜಿನ್: ಮನೆಯ ಗ್ಯಾರೇಜಿನಲ್ಲಿ 1968ರ ಮಸ್ಟಾಂಗ್

ಮಿಶಿಗನ್‌ನಲ್ಲಿ ಹಳೇ ಕಾರು ಕೊಳ್ಳುವವರು ಬಾನೆಟ್ ಎತ್ತೋ ಮುಂಚೆ ಕೆಳಗೆ ಮಲಗಿ ನೋಡಬೇಕು. ಚಳಿಗಾಲ ಪೂರ್ತಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ತಗಡಿನ ಸಂದಿಗೆ ಸೇರಿದರೆ ಐವತ್ತು ವರ್ಷದಲ್ಲಿ ಏನಾಗುತ್ತದೆ ಅನ್ನೋದನ್ನು ನನ್ನ ಫೋರ್ಡ್ ಮಸ್ಟಾಂಗ್ ಚೆನ್ನಾಗಿ ತೋರಿಸಿತು.

ಕಾರ್ಖಾನೆಯಲ್ಲೇ ಕಾರಿನ ಮೇಲೆ ಹೊಡೆದ ನಂಬರಿನ (ನಂಬರ್ ಪ್ಲೇಟಿನದ್ದಲ್ಲ) ಶುರುವಿನಲ್ಲೇ ಅದರ ಜಾತಕ ಇರುತ್ತದೆ. ನನ್ನದರಲ್ಲಿ 8, ಎಫ್, 01, ಸಿ ಅಂತ ಇದೆ. 8 ಅಂದರೆ 1968. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ಅಂದರೆ ಇದು ನಮ್ಮ ಪಕ್ಕದ ಊರಲ್ಲೇ ಹುಟ್ಟಿದ ಕಾರು. 01 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್. ಸಿ ಅಂದರೆ 289 ಘನ ಇಂಚಿನ ವಿ8, ಎರಡು ಬಾಯಿಯ ಕಾರ್ಬುರೇಟರ್. ಮಸ್ಟಾಂಗ್ ಮಸಲ್ ಕಾರ್ (ದೊಡ್ಡ ಇಂಜಿನ್ನಿನ ಜೋರಿನ ಕಾರು) ಅಲ್ಲ, ಪೋನಿ ಕಾರ್ (ಚಿಕ್ಕ ಸ್ಪೋರ್ಟಿ ಕಾರು) ಅಂತ ವಾದ ಮಾಡುವವರಿದ್ದಾರೆ. ಮಾಡಲಿ. ಗ್ಯಾರೇಜಿನ ಕೆಲಸ ಎರಡಕ್ಕೂ ಒಂದೇ.

ಈ ಕಾರಿನ ನಿಜವಾದ ಕಾಯಿಲೆ ಕೌಲ್. ವಿಂಡ್‌ಶೀಲ್ಡ್ ಮುಂದೆ ಸೀಳು ಸೀಳಾಗಿ ಕಾಣುವ ತಗಡು ಇದೆಯಲ್ಲ, ಅದರೊಳಗಿನ ಪೆಟ್ಟಿಗೆ ಅದು. ಮಳೆ ನೀರು ಅಲ್ಲಿ ಇಳಿದು ಎರಡೂ ಪಕ್ಕದಿಂದ ಹೊರಗೆ ಹೋಗಬೇಕು. ಒಳಗೆ ಗಾಳಿ ಬರಲು ಎರಡು ತೂತು, ಅದರ ಸುತ್ತ ಟೋಪಿಯ ಥರ ಎದ್ದ ಅಂಚು. ಎಲೆ, ಮಣ್ಣು ಸೇರಿ ಆ ಅಂಚಿನ ಬುಡದಲ್ಲೇ ತುಕ್ಕು ಹಿಡಿಯುತ್ತದೆ. ಮೇಲಿನಿಂದ ಏನೂ ಕಾಣಲ್ಲ. ಪರೀಕ್ಷೆ ಸುಲಭ: ಕಾರ್ಪೆಟ್ ಎತ್ತಿ, ಸೀಳಿನ ಮೇಲೆ ಒಂದು ಬಕೆಟ್ ನೀರು ನಿಧಾನವಾಗಿ ಸುರಿದು, ಡ್ಯಾಶ್ ಕೆಳಗೆ ಟಾರ್ಚ್ ಹಿಡಿದು ನೋಡಬೇಕು. ನನ್ನ ಕಾರಿನಲ್ಲಿ ನೀರು ಫ್ಯೂಸ್ ಡಬ್ಬಿ ಪಕ್ಕದಲ್ಲೇ ಧಾರೆಯಾಗಿ ಇಳಿಯಿತು. ನೆಲದ ತಗಡು ಯಾಕೆ ಕೊಳೆತಿದೆ ಅಂತ ಆಗ ಅರ್ಥವಾಯಿತು. ಕೌಲ್ ಸರಿ ಮಾಡದೆ ಹೊಸ ನೆಲ ಹಾಕಿದರೆ ಅದೂ ಕೊಳೆಯುತ್ತದೆ ಅಷ್ಟೆ.

ಪ್ಲಾಸ್ಟಿಕ್ ಟೋಪಿ ಅಂಟಿಸಿ ಮುಚ್ಚುವ ದಾರಿಯೂ ಇದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಮೇಲಿನ ತಗಡನ್ನೇ ಬಿಚ್ಚಿದೆ. ಅದನ್ನು ಹಿಡಿದಿರೋದು ಸಾಲು ಸಾಲು ಸ್ಪಾಟ್ ವೆಲ್ಡ್, ಅಂದರೆ ಎರಡು ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದ ಜಾಗ. ವೈರ್ ಬ್ರಷ್‌ನಿಂದ ಬಣ್ಣ ತೆಗೆದರೆ ಪ್ರತಿಯೊಂದೂ ಸಣ್ಣ ಗುಂಡನೆ ತಗ್ಗಾಗಿ ಕಾಣುತ್ತದೆ. ಮಧ್ಯಕ್ಕೆ ಪಂಚ್ ಹೊಡೆದು, ಸ್ಪಾಟ್ ವೆಲ್ಡ್ ಕಟರ್‌ನಿಂದ ಮೇಲಿನ ಪದರ ಮಾತ್ರ ಕೊರೆಯಬೇಕು. ಕೆಳಗಿನ ಪದರ ತೂತಾಗಬಾರದು. ಕೈಯಲ್ಲಿ ಡ್ರಿಲ್ ಸ್ವಲ್ಪ ಹಗುರಾದಂತೆ ಅನಿಸಿದ ಕೂಡಲೇ ನಿಲ್ಲಿಸಬೇಕು. ಬೇಜಾರಿನ ಕೆಲಸವೇ, ಆದರೆ ನನಗೆ ಇದರಷ್ಟು ಸಮಾಧಾನ ಕೊಟ್ಟ ಕೆಲಸ ಬೇರೆ ಇಲ್ಲ.

ಮಸ್ಟಾಂಗ್‌ಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹಾಗಾಗಿ ನೆಲ ಕತ್ತರಿಸುವ ಮುಂಚೆ ಬಾಗಿಲಿನ ಜಾಗಕ್ಕೆ ಚೌಕದ ಪೈಪು ಅಡ್ಡ ಬೆಸೆದೆ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳತೆ ಬರೆದಿಟ್ಟೆ. ಇಲ್ಲದಿದ್ದರೆ ಬಾಡಿ ಬಾಗಿ, ಬಾಗಿಲು ಮತ್ತೆ ಕೂರೋದೇ ಇಲ್ಲ. ಹೊಸ ತಗಡಿಗೆ ತೂತು ಹೊಡೆದು, ಕೆಳಗಿನ ತಗಡಿಗೆ ಸೇರುವಂತೆ ಆ ತೂತನ್ನು ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡರ್‌ನಿಂದ ತುಂಬಿಸಿದೆ. ತೆಳು ತಗಡಿಗೆ 0.023 ಇಂಚಿನ ತಂತಿ ಸಾಕು. ಒಂದೇ ಕಡೆ ಎಳೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕೆ ಇಡುತ್ತಾ ಹೋದರೆ ತಗಡು ಸೊಟ್ಟಗಾಗಲ್ಲ.

ಆಮೇಲೆ ಬ್ರೇಕು. ನನ್ನ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಇತ್ತು. ಹಳೇ ಡ್ರಮ್ಮಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆಯದೆ ಒದ್ದೆ ಮಾಡಿ ಒರೆಸಬೇಕು. ಮುಂದೆ ಡಿಸ್ಕ್ ಹಾಕಿದೆ, ಜೊತೆಗೆ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಬದಲಿಸಿದೆ. ಡ್ರಮ್ಮಿಗೆ ಮಾಡಿದ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಒಂಚೂರು ಒತ್ತಡ ಉಳಿಸಿಕೊಳ್ಳುತ್ತದೆ. ಡಿಸ್ಕಿಗೆ ಅದು ಆಗಿಬರಲ್ಲ, ಪ್ಯಾಡು ಸದಾ ಉಜ್ಜುತ್ತಾ ಬಿಸಿಯಾಗುತ್ತದೆ.

ಅದೇ ಸಮಯಕ್ಕೆ ಸಸ್ಪೆನ್ಶನ್ ಕೂಡ ಬಿಚ್ಚಿದ್ದೆ. ಇದರ ಮುಂದಿನ ಸ್ಪ್ರಿಂಗು ಕೂರೋದು ಚಕ್ರ ಹಿಡಿಯುವ ಮೇಲಿನ ತೋಳು, ಅಂದರೆ ಆರ್ಮ್ ಮೇಲೆ. ಒಳಗಿಂದ ಹಿಡಿಯುವ ಕಂಪ್ರೆಸರ್ ಇಲ್ಲದೆ ಇದನ್ನು ಯಾರೂ ಮುಟ್ಟಬೇಡಿ. ಒತ್ತಿದ ಸ್ಪ್ರಿಂಗು ಜಾರಿದರೆ ಪ್ರಾಣಕ್ಕೇ ಕುತ್ತು. ಆರ್ಮ್ ಕೈಯಲ್ಲಿ ಇದ್ದಾಗಲೇ, ಅದು ಬಾಡಿಗೆ ಕೂರುವ ಜಾಗದಲ್ಲಿ ಬೋಲ್ಟಿನ ತೂತುಗಳನ್ನು ಟೆಂಪ್ಲೇಟ್ ಇಟ್ಟು ಸುಮಾರು 1 ಇಂಚು ಕೆಳಗೆ ಹೊಸದಾಗಿ ಕೊರೆದೆ. ಮಸ್ಟಾಂಗ್‌ನ ರೇಸಿಂಗ್ ಥರದ ರೂಪವಾದ 1965ರ ಶೆಲ್ಬಿ ಜಿಟಿ350ಗೆ ಮಾಡಿದ್ದ ಬದಲಾವಣೆ ಇದು. ತಿರುವಿನಲ್ಲಿ ಹೊರಗಿನ ಚಕ್ರ ನೆಲಕ್ಕೆ ಸರಿಯಾಗಿ ಊರುತ್ತದೆ. ಖರ್ಚು ಡ್ರಿಲ್ ಬಿಟ್ಟಿನದ್ದು ಮಾತ್ರ. ನೂರಾರು ಡಾಲರಿನ ಎಷ್ಟೋ ಸಾಮಾನು ಕೊಡದ ವ್ಯತ್ಯಾಸ ಇದು ಕೊಡುತ್ತದೆ, ಖಂಡಿತ.

ಇಂಜಿನ್‌ಗೆ ಕೈ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಬ್ಲಾಕು ಬೋರ್ ಮಾಡಿಸೋದು, ವಾಲ್ವ್ ಕೂರುವ ಜಾಗಕ್ಕೆ ಗಟ್ಟಿ ರಿಂಗ್ ಹಾಕಿಸೋದು ಮಷೀನ್ ಶಾಪಿನ ಕೆಲಸ. ಜೋಡಣೆ ಮನೆಯಲ್ಲೇ. ವಾಲ್ವ್ ತೆರೆಸುವ ದಂಡ, ಅಂದರೆ ಕ್ಯಾಮ್, ಸ್ವಲ್ಪ ಜೋರಿನದು ಹಾಕಿದೆ, ನಾಲ್ಕು ಬಾಯಿಯ, 600 ಸಿಎಫ್‌ಎಂ (ನಿಮಿಷಕ್ಕೆ 600 ಘನ ಅಡಿ ಗಾಳಿ) ಕಾರ್ಬುರೇಟರ್ ಕೂರಿಸಿದೆ, ಕಿಡಿ ಹೊತ್ತಿಸುವ ಹಳೇ ಥರದ ಸ್ವಿಚ್ಚಾದ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಶನ್ ಮಾಡಿದೆ. ಇದಕ್ಕಿಂತ ಜಾಸ್ತಿ ರಸ್ತೆಗೆ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಹೊಸ ಕ್ಯಾಮ್‌ನ ಹಣೆಬರಹ ಮೊದಲ ಇಪ್ಪತ್ತು ನಿಮಿಷದಲ್ಲೇ ತೀರ್ಮಾನವಾಗುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಎಣ್ಣೆ ಎಲ್ಲಾ ಕಡೆ ತಲುಪಿರಬೇಕು. ಡಿಸ್ಟ್ರಿಬ್ಯೂಟರ್ ತೆಗೆದು, ಆ ತೂತಿನಲ್ಲಿ ಆರು ಮೂಲೆಯ ಸರಳು ಇಳಿಸಿ, ಡ್ರಿಲ್ಲಿನಿಂದ ಎಣ್ಣೆ ಪಂಪು ತಿರುಗಿಸಿದೆ. ಈ ಇಂಜಿನ್‌ಗೆ ಡ್ರಿಲ್ ಉಲ್ಟಾ ತಿರುಗಬೇಕು. ಮೊದಲು ಸುಮ್ನೆ ತಿರುಗುತ್ತದೆ, ಆಮೇಲೆ ಡ್ರಿಲ್ ಬಿಗಿಯಾಗಿ ಗೊರಗೊರ ಅನ್ನುತ್ತದೆ. ಆಗ ವಾಲ್ವ್ ಒತ್ತುವ ರಾಕರ್ ಮೇಲೆ ಎಣ್ಣೆ ಉಕ್ಕೋದು ಕಾಣುತ್ತದೆ. ಒಂದೊಂದು ರಾಕರಿಗೂ ಎಣ್ಣೆ ಬಂತಾ ಅಂತ ನೋಡಿ ಮುಂದುವರಿದೆ. ಪ್ಲಗ್ ವೈರಿನ ಕ್ರಮ, ಅಂದರೆ ಸಿಲಿಂಡರ್‌ಗಳು ಹೊತ್ತುವ ಕ್ರಮ, 1-5-4-2-6-3-7-8. ಇಂಜಿನ್ ಹತ್ತಿದ ಮೇಲೆ ಐಡಲ್‌ಗೆ ಬಿಡದೆ, 2000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಓಡಿಸಿದೆ. ಕ್ಯಾಮ್ ಮೇಲೆ ಉಜ್ಜುವ ಹಳೇ ಥರದ ಚಪ್ಪಟೆ ಲಿಫ್ಟರ್ ಇರೋದರಿಂದ ಸವೆತ ತಡೆಯುವ ಜಿಂಕ್ ಜಾಸ್ತಿ ಇರುವ ಎಣ್ಣೆಯೇ ಬೇಕು. ಈಗಿನ ಕಾರುಗಳ ಎಣ್ಣೆಯಲ್ಲಿ ಅದು ಕಮ್ಮಿ.

ಬಣ್ಣ ಮಾತ್ರ ಹೊರಗೆ ಕೊಟ್ಟೆ. ಎರಡು ಭಾಗ ಕಲಸುವ ಬಣ್ಣದಲ್ಲಿ ಉಸಿರಿಗೆ ಅಪಾಯವಾದ ಐಸೋಸಯನೇಟ್ ಇರುತ್ತದೆ. ಹೊರಗಿನಿಂದ ಗಾಳಿ ಕೊಡುವ ಮುಖವಾಡ ಇಲ್ಲದೆ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ, ಅದರಲ್ಲೂ ಮಕ್ಕಳಿರುವ ಕಡೆ, ಅದನ್ನು ಹೊಡೆಯಬಾರದು.

ತೆಗೆದ ಡ್ರಮ್ಮು, ಕಾರ್ಬುರೇಟರ್, ಪಾಯಿಂಟಿನ ಡಿಸ್ಟ್ರಿಬ್ಯೂಟರ್ ಎಲ್ಲವನ್ನೂ ಎಣ್ಣೆ ಸವರಿ, ಚೀಟಿ ಅಂಟಿಸಿ ಇಟ್ಟಿದ್ದೇನೆ. ಮುಂದೆ ಯಾರಿಗಾದರೂ ಮೂಲ ರೂಪ ಬೇಕಾದರೆ ಕೈಗೆ ಸಿಗಲಿ ಅಂತ. ಇನ್ನು ಉಳಿದಿರೋದು ಗೇರ್‌ಬಾಕ್ಸ್. ಮೂರು ಗೇರಿನ ಆಟೋಮ್ಯಾಟಿಕ್‌ನಿಂದ ಹೈವೇಯಲ್ಲಿ ಇಂಜಿನ್ ತುಂಬಾ ಕೂಗುತ್ತದೆ. ಕೈಯಲ್ಲಿ ಹಾಕುವ ಐದು ಗೇರಿನ ಟಿ-5 ಗೇರ್‌ಬಾಕ್ಸ್ ಸಿಕ್ಕಿದೆ. ಕ್ಲಚ್ ಪೆಡಲ್, ಇಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಬೆಲ್‌ಹೌಸಿಂಗ್, ಗೇರ್‌ಬಾಕ್ಸ್ ಕೂರಿಸುವ ಅಡ್ಡಪಟ್ಟಿ ಹುಡುಕುತ್ತಿದ್ದೇನೆ. ಹಿಮ ಬೀಳೋ ಹೊತ್ತಿಗೆ ಕಾರು ಮತ್ತೆ ಸ್ಟ್ಯಾಂಡ್ ಮೇಲೆ ಏರುತ್ತದೆ.